ಬಾಗಿಲ ಹಿಂದಿನ ಚೀಲ

ಪರದೇಶಕ್ಕೆ ಹೊರಟವರಿಗೆ ನಮ್ಮ ಮನೆಗಳಲ್ಲಿ ಏನೇನು ಕಟ್ಟಿಕೊಡುತ್ತಾರೆಂಬುದು ವಾಚಕರಿಗೆ ತಿಳಿಯದ ಸಂಗತಿಯೇನಲ್ಲ. ಉಪ್ಪಿನಕಾಯಿಯ ಭರಣಿ, ಹಪ್ಪಳ ಸಂಡಿಗೆಗಳ ಕಟ್ಟು, ಸಾರಿನ ಪುಡಿ, ದೇವರ ಪ್ರಸಾದ, ಕೊನೆಯ ಗಳಿಗೆಯಲ್ಲಿ ಪಕ್ಕದ ಮನೆಯವರು ತಂದುಕೊಡುವ ಇನ್ನೊಂದು ಉಪ್ಪಿನಕಾಯಿಯ ಭರಣಿ. 2023ರ ಜೂನ್ ತಿಂಗಳಿನಲ್ಲಿ ನನ್ನ ಅಕ್ಕ ತನ್ನ ಇಬ್ಬರು ಮಕ್ಕಳೊಡನೆ, ಕುವೈತಿನಲ್ಲಿ ಉದ್ಯೋಗದಲ್ಲಿರುವ ಭಾವನ ಬಳಿಗೆ ಹೊರಟಾಗ ಇವೆಲ್ಲವೂ ಕ್ರಮವಾಗಿ ಬಂದವು. ಕ್ರಮಕ್ಕೆ ಹೊರತಾಗಿ ಬಂದದ್ದೆಂದರೆ ನಮ್ಮ ಚಿಕ್ಕಪ್ಪ ತಂದ ಉಡುಗೊರೆ. ಶಾಲೆಯ ಹುಡುಗರು ಹೆಗಲಿಗೆ ಏರಿಸಿಕೊಳ್ಳುವಂಥ ಒಂದು ಕಂದು ಬಣ್ಣದ ಚೀಲ. ಒಳಗೆ ಏನೂ ಇಲ್ಲ.

"ಇದೇನು ಚಿಕ್ಕಪ್ಪ, ಖಾಲಿ ಇದೆಯಲ್ಲ?" ಎಂದು ಅಕ್ಕ ಕೇಳಿದಳು.

"ಅಲ್ಲಿಗೆ ಹೋದಮೇಲೆ ನೀನೇ ತುಂಬಿಸಬೇಕು ಮಗೂ. ತುಂಬಿಸಿ ಬಾಗಿಲ ಹಿಂದೆ ತೂಗುಹಾಕು. ಉಟ್ಟ ಬಟ್ಟೆಯಲ್ಲಿ ಓಡಬೇಕಾಗಿ ಬಂದರೆ ಕೈಗೆ ಸಿಕ್ಕಬೇಕು."

ಒಳಗಿನಿಂದ ನಮ್ಮ ತಾಯಿಯ ಸ್ವರ ಕೇಳಿಸಿತು: "ಬಿಡ್ತು ಅನ್ನಿ! ಹೆಣ್ಣುಮಗಳು ಹೊರಟು ನಿಂತಾಗ ಆಡುವ ಮಾತೇ ಇದು?"

ಚಿಕ್ಕಪ್ಪ "ಬಿಡ್ತು" ಎಂದರು. ಆದರೆ ಚೀಲವನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅವರಿಗೆ ಆ ಮಾತನ್ನಾಡುವ ಅಧಿಕಾರವಿತ್ತು. 1979ರಿಂದ ಹನ್ನೊಂದು ವರ್ಷ ಅವರು ಕುವೈತಿನ ಒಂದು ಕಂಪೆನಿಯಲ್ಲಿ ಉಗ್ರಾಣದ ಲೆಕ್ಕ ನೋಡಿಕೊಂಡಿದ್ದವರು. 1990ರ ಆಗಸ್ಟ್ 2, ಗುರುವಾರ. ಬೆಳಗಿನ ಜಾವ ಇರಾಕಿನ ಸೈನ್ಯ ಗಡಿ ದಾಟಿತು; ಚಿಕ್ಕಪ್ಪ ಎದ್ದು ಚಹಾಕ್ಕೆ ನೀರಿಡುವ ವೇಳೆಗೆ ರಸ್ತೆಯಲ್ಲಿ ಟ್ಯಾಂಕುಗಳಿದ್ದವು. ಆಗ ಆ ಪುಟ್ಟ ದೇಶದಲ್ಲಿ ಸುಮಾರು ಒಂದು ಲಕ್ಷ ಎಪ್ಪತ್ತು ಸಾವಿರ ಮಂದಿ ಭಾರತೀಯರಿದ್ದರು. ಅವರಲ್ಲಿ ಹಿಂದಿನ ರಾತ್ರಿ ಪೆಟ್ಟಿಗೆ ಕಟ್ಟಿಟ್ಟುಕೊಂಡು ಮಲಗಿದವರು ಒಬ್ಬರಾದರೂ ಇದ್ದಿರಲಾರರು.

ಕಥೆಯ ಮುಂದಿನ ಭಾಗವನ್ನು ಜನ ಚಲನಚಿತ್ರದಲ್ಲಿ ಕಂಡು ಬಲ್ಲರು. ಚಿತ್ರದಲ್ಲಿ ಎಲ್ಲವನ್ನೂ ಒಬ್ಬ ನಾಯಕ ಮಾಡಿ ಮುಗಿಸುತ್ತಾನೆ. ನಿಜದಲ್ಲಿ ನಡೆದದ್ದು ಅಷ್ಟು ಸುಲಭವಾಗಿರಲಿಲ್ಲ. ಭಾರತದ ವಿದೇಶಾಂಗ ಮಂತ್ರಿಗಳಾಗಿದ್ದ ಐ. ಕೆ. ಗುಜ್ರಾಲರು ಬಾಗ್ದಾದಿಗೆ ಹೋಗಿ ಮಾತನಾಡಿದರು. ಕುವೈತಿನೊಳಗೆ 'ಟೊಯೊಟಾ ಸನ್ನಿ' ಎಂದು ಹೆಸರಾಗಿದ್ದ ಮಾತುಣ್ಣಿ ಮ್ಯಾಥ್ಯೂಸರಂಥ ಉದ್ಯಮಿಗಳು ಸೇರಿ ಸಮಿತಿ ಕಟ್ಟಿ ಊಟ, ವಸತಿ, ಬಸ್ಸುಗಳ ವ್ಯವಸ್ಥೆ ನೋಡಿದರು. ಕುವೈತಿನಿಂದ ಬಸ್ರಾ, ಅಲ್ಲಿಂದ ಬಾಗ್ದಾದು, ಅಲ್ಲಿಂದ ಎಂಟು ನೂರು ಕಿಲೋಮೀಟರಿಗೂ ಮಿಗಿಲಾದ ಮರಳುಗಾಡಿನ ಹಾದಿಯಲ್ಲಿ ಜೋರ್ಡಾನಿನ ಅಮ್ಮಾನು. ಅಮ್ಮಾನಿನಿಂದ ಏರ್ ಇಂಡಿಯಾದ ವಿಮಾನಗಳು 59 ದಿನಗಳಲ್ಲಿ 488 ಬಾರಿ ಹಾರಿ ಒಂದು ಲಕ್ಷ ಹನ್ನೊಂದು ಸಾವಿರಕ್ಕೂ ಹೆಚ್ಚು ಜನರನ್ನು ತಾಯ್ನಾಡಿಗೆ ತಂದು ಮುಟ್ಟಿಸಿದವು. ಆ ಲಕ್ಷದ ಲೆಕ್ಕದಲ್ಲಿ ನಮ್ಮ ಚಿಕ್ಕಪ್ಪನೂ ಒಂದು ಅಂಕಿ.

ಆದರೆ ಅಮ್ಮಾನಿನ ವಿಮಾನ ಪುಕ್ಕಟೆಯಾಗಿ ಸಿಕ್ಕಿತೆಂದು ಹೇಳುವ ಜನ, ಅಮ್ಮಾನಿನವರೆಗಿನ ಹಾದಿಯ ಮಾತನ್ನು ಮರೆಯುತ್ತಾರೆ. ಚಿಕ್ಕಪ್ಪ ಕೂಡಿಸಿದ್ದ ಹಣವೆಲ್ಲ ಬ್ಯಾಂಕಿನಲ್ಲಿತ್ತು. ಬ್ಯಾಂಕಿಗೆ ಬೀಗ ಬಿದ್ದಿತ್ತು. ಮನೆಯಲ್ಲಿದ್ದದ್ದು ಮುನ್ನೂರು ದಿನಾರು. ಜುಲೈ ತಿಂಗಳಿನಲ್ಲಿ ಕುವೈತಿನ ಒಂದು ದಿನಾರಿಗೆ ಅಮೆರಿಕದ ಮೂರು ಡಾಲರಿಗೂ ಮಿಗಿಲಾದ ಬೆಲೆ. ಆಕ್ರಮಣಕಾರರು ಅದನ್ನು ಇರಾಕಿನ ದಿನಾರಿಗೆ ಸಮವೆಂದು ಸಾರಿದಾಗ ಆ ಬೆಲೆ ಒಮ್ಮೆಗೇ ನೆಲಕಚ್ಚಿತು. ಆಮೇಲೆ ಆ ನೋಟುಗಳನ್ನೇ ಚಲಾವಣೆಯಿಂದ ತೆಗೆದುಹಾಕಿದರು. ಕೊನೆಗೆ ಅವರ ಕೈಹಿಡಿದದ್ದು ಎರಡು ಪುಟ್ಟ ಚಿನ್ನದ ಬಳೆಗಳು. ಊರಿನಲ್ಲಿ ಅಣ್ಣನಿಗೆ ಹೆಣ್ಣುಮಗು ಹುಟ್ಟಿದೆಯೆಂಬ ಸುದ್ದಿ ಕೇಳಿ, ರಜೆಗೆ ಬರುವಾಗ ಕೊಡಬೇಕೆಂದು ಕೊಂಡಿಟ್ಟಿದ್ದ ಬಳೆಗಳವು. ಬಾಗ್ದಾದಿನಲ್ಲಿ ಅವನ್ನು ಅರ್ಧ ಬೆಲೆಗೆ ಮಾರಿ ಬಸ್ಸಿನ ಬಾಡಿಗೆ ಕೊಟ್ಟರು. ಆ ಹೆಣ್ಣುಮಗುವೇ ನನ್ನ ಅಕ್ಕ.

ಇನ್ನು ಪಾಸ್‌ಪೋರ್ಟು. ಅದು ಕಂಪೆನಿಯ ತಿಜೋರಿಯಲ್ಲಿತ್ತು. ತಿಜೋರಿಯ ಬೀಗದ ಕೈ ಇದ್ದ ಮನುಷ್ಯ ಆಗಸ್ಟ್ 2ರ ಮಧ್ಯಾಹ್ನವೇ ದೇಶ ಬಿಟ್ಟಿದ್ದ. ನೌಕರರ ಪಾಸ್‌ಪೋರ್ಟನ್ನು ಧಣಿಗಳು ತಮ್ಮಲ್ಲಿಟ್ಟುಕೊಳ್ಳುವ ಈ ಪದ್ಧತಿ ಕೊಲ್ಲಿಯ ನಾಡುಗಳಲ್ಲಿ ಬಹು ಹಳೆಯದು; ಅದಕ್ಕೆ ವಿರುದ್ಧವಾಗಿ ಕಾನೂನುಗಳಾದ ಮೇಲೂ ಪೂರ್ತಿ ನಿಂತಿಲ್ಲ. ಚಿಕ್ಕಪ್ಪನ ಅದೃಷ್ಟಕ್ಕೆ, ವಿಮೆಯ ಅರ್ಜಿಗೆಂದು ಹಿಂದಿನ ತಿಂಗಳು ಮಾಡಿಸಿದ್ದ ಒಂದು ಜೆರಾಕ್ಸ್ ಪ್ರತಿ ದಿನಚರಿ ಪುಸ್ತಕದೊಳಗೆ ಮಡಿಸಿಕೊಂಡು ಕುಳಿತಿತ್ತು. ನಮ್ಮ ರಾಯಭಾರ ಕಚೇರಿಯವರು ಅದನ್ನು ನೋಡಿ ಊರಿಗೆ ಮರಳಲು ತಾತ್ಕಾಲಿಕ ಪತ್ರ ಬರೆದುಕೊಟ್ಟರು. ಪ್ರತಿಯೂ ಇಲ್ಲದ ಮಂದಿ 'ನಾನು ನಾನೇ' ಎಂದು ರುಜುವಾತು ಮಾಡಲು ದಿನಗಟ್ಟಲೆ ಸಾಲಿನಲ್ಲಿ ನಿಂತರು. ವೇದಾಂತಿಗಳಿಗೂ ಕಷ್ಟವಾದ ಪ್ರಶ್ನೆ ಅದು; ಬಿಸಿಲಿನಲ್ಲಿ ನಿಂತ ಗುಮಾಸ್ತರ ಪಾಡೇನು!

ಕಾಗದದ ಮಹಿಮೆ ಅಲ್ಲಿಗೇ ಮುಗಿಯಲಿಲ್ಲ. 1991ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಜಿನೀವಾದಲ್ಲಿ ಒಂದು ಪರಿಹಾರ ಆಯೋಗವನ್ನು ಸ್ಥಾಪಿಸಿತು. ಇರಾಕಿನ ಎಣ್ಣೆಯ ಆದಾಯದಲ್ಲಿ ಒಂದು ಪಾಲನ್ನು ತೆಗೆದು, ನಷ್ಟಗೊಂಡವರಿಗೆ ಹಂಚುವುದು ಅದರ ಕೆಲಸ. ಯುದ್ಧದ ಕಾರಣ ಇರಾಕನ್ನಾಗಲಿ ಕುವೈತನ್ನಾಗಲಿ ಬಿಟ್ಟುಬಂದವರಿಗೆ ನಿಗದಿಯಾದ ಮೊತ್ತ ಒಬ್ಬೊಬ್ಬರಿಗೆ 2,500 ಡಾಲರು, ಕುಟುಂಬಕ್ಕೆ 5,000. ಬೇರೆ ಯಾವ ವರ್ಗದಲ್ಲಿಯೂ ಬೇಡಿಕೆ ಸಲ್ಲಿಸುವುದಿಲ್ಲವೆಂದು ಒಪ್ಪಿದವರಿಗೆ 4,000 ಮತ್ತು 8,000. ಇದಕ್ಕೆ ಬೇಕಾದದ್ದು ದೇಶ ಬಿಟ್ಟುದಕ್ಕೆ ಮತ್ತು ಬಿಟ್ಟ ದಿನಾಂಕಕ್ಕೆ ಸರಳವಾದ ದಾಖಲೆ ಮಾತ್ರ. ಆದರೆ ಬಾಕಿಯಾದ ಸಂಬಳ, ಮನೆಯ ಸಾಮಾನು, ಬ್ಯಾಂಕಿನ ಠೇವಣಿ ಇವುಗಳ ನಷ್ಟವನ್ನು ಕೇಳಬೇಕಾದರೆ, ಒಂದು ಲಕ್ಷ ಡಾಲರಿನವರೆಗೆ ಬೇರೆ ವರ್ಗವಿತ್ತು. ಅಲ್ಲಿ ಕಳೆದುಕೊಂಡದ್ದು ಇಷ್ಟು ಎಂಬುದಕ್ಕೆ ತಕ್ಕ ಸಾಕ್ಷ್ಯ ಬೇಕು.

ಚಿಕ್ಕಪ್ಪನ ಬಳಿ ಇದ್ದದ್ದು ಗಡಿಯ ಮುದ್ರೆ ಬಿದ್ದ ಆ ತಾತ್ಕಾಲಿಕ ಪತ್ರ ಒಂದೇ. ಅವರು ನಾಲ್ಕು ಸಾವಿರ ಡಾಲರಿಗೆ ಒಪ್ಪಿ ಸಹಿ ಹಾಕಿದರು. ಅದೇ ಕೋಣೆಯಲ್ಲಿ ಅವರೊಡನೆ ಬಾಳಿದ ಗೆಳೆಯರೊಬ್ಬರು ಸಂಬಳದ ಚೀಟಿಗಳನ್ನೂ ಬ್ಯಾಂಕಿನ ಪುಸ್ತಕವನ್ನೂ ಬಾಡಿಗೆಯ ಕರಾರನ್ನೂ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಹಾಕಿ ತಂದಿದ್ದರು. ಅವರ ಕೈಗೆ ಎಷ್ಟೋ ಪಾಲು ಹೆಚ್ಚು ಹಣ ಬಂದಿತು. "ನಾನು ಎರಡು ಒಳ್ಳೆಯ ಪ್ಯಾಂಟು ತಂದೆ, ಅವನು ಡಬ್ಬ ತಂದ" ಎಂದು ಚಿಕ್ಕಪ್ಪ ಈಗಲೂ ಹೇಳುತ್ತಾರೆ. ಆಯೋಗ ಒಟ್ಟು 5,240 ಕೋಟಿ ಡಾಲರುಗಳ ಪರಿಹಾರವನ್ನು ಕೊಟ್ಟು ಮುಗಿಸಿದ್ದು 2022ರ ಜನವರಿಯಲ್ಲಿ. ಒಂದು ಬೆಳಗಿನ ಲೆಕ್ಕ ತೀರಿಸಲು ಮೂವತ್ತೊಂದು ವರ್ಷ ಬೇಕಾಯಿತು.

ಚೀಲದ ಮಾತು ಇಷ್ಟಾಯಿತು. ಆದರೆ ಚೀಲಕ್ಕಿಂತಲೂ ಕಷ್ಟವಾದದ್ದು ಹೊರಡುವ ಹೊತ್ತನ್ನು ಅರಿಯುವುದು. ಯುಕ್ರೇನಿನ ಸಂಗತಿಯನ್ನು ನೋಡಿ. 2022ರ ಫೆಬ್ರವರಿ 15ರಂದೇ ಕೀವ್ ನಗರದ ಭಾರತೀಯ ರಾಯಭಾರ ಕಚೇರಿ, ಇರಲೇಬೇಕಾದ ಅಗತ್ಯವಿಲ್ಲದವರು, ಅದರಲ್ಲೂ ವಿದ್ಯಾರ್ಥಿಗಳು, ತಾತ್ಕಾಲಿಕವಾಗಿ ದೇಶ ಬಿಡುವುದು ಲೇಸೆಂದು ಸೂಚನೆ ಹೊರಡಿಸಿತು. ಕೆಲವರು ಹೊರಟರು, ಬಹಳ ಮಂದಿ ಉಳಿದರು. ಅವರನ್ನು ಮೂರ್ಖರೆನ್ನಲು ನಾನು ಸಿದ್ಧನಿಲ್ಲ. ವಿಮಾನದ ದರ ಏರಿತ್ತು. ಕಾಲೇಜುಗಳು ಹಾಜರಿಯ ಮಾತು ಬಿಟ್ಟಿರಲಿಲ್ಲ. ಊರಿನಲ್ಲಿ ತಂದೆ ಸಾಲ ಮಾಡಿ ಶುಲ್ಕ ಕಟ್ಟಿದ್ದ. ಅಧ್ಯಾಪಕನಾದ ನಾನು ಹಾಜರಿ ಪುಸ್ತಕದ ಭಯವನ್ನು ಬಲ್ಲೆ. ಅದನ್ನು ಹುಟ್ಟಿಸುವವರಲ್ಲಿ ನಾನೂ ಒಬ್ಬ. ಒಂಬತ್ತು ದಿನಗಳು ಕಳೆದವು. 24ರ ಬೆಳಗ್ಗೆ ಆಕಾಶಮಾರ್ಗ ಮುಚ್ಚಿತು; ಭಾರತೀಯರನ್ನು ಕರೆತರಲು ದಿಲ್ಲಿಯಿಂದ ಹೊರಟಿದ್ದ ಏರ್ ಇಂಡಿಯಾ ವಿಮಾನ ಅರ್ಧದಾರಿಯಿಂದ ಹಿಂದಿರುಗಿತು.

ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಆಹಾರ ಕೊಳ್ಳಲು ಹೊರಗೆ ಬಂದಿದ್ದ ಹಾವೇರಿ ಜಿಲ್ಲೆಯ ವೈದ್ಯವಿದ್ಯಾರ್ಥಿಯೊಬ್ಬ ದಾಳಿಗೆ ಸಿಕ್ಕಿ ಪ್ರಾಣಬಿಟ್ಟ. ಆ ದಿನ ನಮ್ಮ ಕಾಲೇಜಿನಲ್ಲಿ ಯಾರೂ ಪಾಠ ಮಾಡುವ ಸ್ಥಿತಿಯಲ್ಲಿರಲಿಲ್ಲ. ಮರುದಿನ ರಾಯಭಾರ ಕಚೇರಿಯಿಂದ ಬಂದ ಆದೇಶವನ್ನು ಈಗ ಓದಿದರೂ ಮೈ ನಡುಗುತ್ತದೆ: ಖಾರ್ಕಿವಿನಲ್ಲಿರುವ ಭಾರತೀಯರೆಲ್ಲ ಸಂಜೆ ಆರರೊಳಗಾಗಿ ಪೆಸೋಚಿನ್, ಬಬಾಯೆ, ಬೆಜ್‌ಲ್ಯುದೊವ್ಕ ಎಂಬ ಹಳ್ಳಿಗಳನ್ನು ಸೇರತಕ್ಕದ್ದು, ವಾಹನ ಸಿಕ್ಕದಿದ್ದರೆ ಕಾಲ್ನಡಿಗೆಯಲ್ಲಿ. ರೈಲು ನಿಲ್ದಾಣದಿಂದ ಅವು ಹನ್ನೊಂದು, ಹನ್ನೆರಡು, ಹದಿನಾರು ಕಿಲೋಮೀಟರು. ಚಳಿಗಾಲ ಇನ್ನೂ ಮುಗಿದಿರಲಿಲ್ಲ. ಹುಡುಗ ಹುಡುಗಿಯರು ದೊಡ್ಡ ಪೆಟ್ಟಿಗೆಗಳನ್ನು ರಸ್ತೆಯ ಬದಿಗೆ ಬಿಟ್ಟು ನಡೆದರು. ಅಂದಮೇಲೆ, ಚೀಲಕ್ಕೆ ಅಳತೆ ಯಾವುದೆಂದು ಕೇಳುವವರಿಗೆ ಉತ್ತರ ಇಷ್ಟೇ: ಒಂದು ಕೈಯಲ್ಲಿ ಮಗುವನ್ನು ಹಿಡಿದುಕೊಂಡು ಹದಿನಾರು ಕಿಲೋಮೀಟರು ಹೊರಬಲ್ಲಷ್ಟು. ಅದಕ್ಕಿಂತ ಒಂದು ಸೇರು ಹೆಚ್ಚಾದರೂ ಅದು ಚೀಲವಲ್ಲ, ಹೊರೆ. ಬಾಗಿಲ ಹಿಂದೆ ಚೀಲವಿದ್ದರೆ ಸಾಲದು. ಅದರ ಕೆಳಗೆ ನಡೆದು ಪಳಗಿದ ಒಂದು ಜೊತೆ ಬೂಟು ಇರಬೇಕು.

ಇನ್ನು 2023ರ ಏಪ್ರಿಲ್ 15ರಂದು ಸೂಡಾನಿನಲ್ಲಿ ಆದದ್ದು ಬೇರೆಯೇ ಬಗೆ. ಅಲ್ಲಿ ಒಂಬತ್ತು ದಿನಗಳ ಮುನ್ಸೂಚನೆಯೂ ಇರಲಿಲ್ಲ. ಖಾರ್ಟೂಮಿನ ವಿಮಾನನಿಲ್ದಾಣವೇ ಮೊದಲ ದಿನದ ರಣರಂಗ. ಎಲ್ಲರೂ ವಿಮಾನನಿಲ್ದಾಣದತ್ತ ಓಡುವುದನ್ನೇ ಉಪಾಯವೆಂದು ತಿಳಿದಿರುತ್ತಾರೆ. ಬಹುತೇಕ ಎಲ್ಲ ಕಡೆ ಮೊದಲು ಮುಚ್ಚುವ ಬಾಗಿಲು ಅದೇ. ಆ ದೂರದ ನಾಡಿನಲ್ಲಿ ನಮ್ಮ ಮೈಸೂರು, ಶಿವಮೊಗ್ಗ, ದಾವಣಗೆರೆ ಕಡೆಯ ಹಕ್ಕಿಪಿಕ್ಕಿ ಜನರಿದ್ದರೆಂಬುದು ಪಟ್ಟಣವಾಸಿಗಳಾದ ನಮ್ಮಲ್ಲಿ ಅನೇಕರಿಗೆ ಅಂದೇ ತಿಳಿದದ್ದು. ಗಿಡಮೂಲಿಕೆಯ ಎಣ್ಣೆ ಮಾರುತ್ತ ಅವರು ಆಫ್ರಿಕದ ಊರೂರು ಅಲೆಯುತ್ತಿದ್ದರು. ಅವರಲ್ಲಿ ಕೆಲವರು ದಾರ್‌ಫುರದ ಎಲ್ ಫಾಶೆರಿನಲ್ಲಿ ಬಾಡಿಗೆಯ ಮನೆಯೊಳಗೆ ಅನ್ನನೀರಿಗೆ ತೊಂದರೆಪಡುತ್ತ ಸಿಕ್ಕಿಬಿದ್ದರು. ಭಾರತ ಸರ್ಕಾರ ಕೈಗೊಂಡ ಆ ಕಾರ್ಯಾಚರಣೆಗೆ ಹೆಸರು ಕಾವೇರಿ. ಜನರನ್ನು ಬಸ್ಸುಗಳಲ್ಲಿ ಎಂಟು ನೂರಕ್ಕೂ ಹೆಚ್ಚು ಕಿಲೋಮೀಟರು ದೂರದ ಪೋರ್ಟ್ ಸೂಡಾನಿಗೆ, ಅಲ್ಲಿಂದ ನೌಕಾಪಡೆಯ ಹಡಗು, ವಾಯುಪಡೆಯ ವಿಮಾನಗಳಲ್ಲಿ ಕೆಂಪು ಸಮುದ್ರ ದಾಟಿಸಿ ಜಿಡ್ಡಾಕ್ಕೆ, ಜಿಡ್ಡಾದಿಂದ ಊರಿಗೆ. 3,862 ಮಂದಿ ಹೀಗೆ ಪಾರಾದರು.

ಸೂಡಾನಿನಿಂದ ಬಂದವರ ಕಥೆಯಲ್ಲಿ ಎರಡು ಸಣ್ಣ ಸಂಗತಿಗಳು ನನ್ನ ಮನಸ್ಸಿನಲ್ಲಿ ನಿಂತಿವೆ. ಪೀತಜ್ವರದ ಚುಚ್ಚುಮದ್ದಿನ ಹಳದಿ ಕಾರ್ಡು ಇಲ್ಲದ ಕೆಲವರನ್ನು, ಮದ್ದುಗುಂಡುಗಳನ್ನು ದಾಟಿ ಬೆಂಗಳೂರಿನಲ್ಲಿ ಇಳಿದಮೇಲೆಯೂ, ಮನೆಗೆ ಬಿಡದೆ ದಿಗ್ಬಂಧನದಲ್ಲಿಡಬೇಕಾಯಿತು. ಹೊಸ್ತಿಲಿಗೆ ಬಂದು ನಿಲ್ಲುವುದೆಂದರೆ ಇದು. ಇನ್ನೊಂದು: ವೀಸಾಕ್ಕೆಂದು ಪರದೇಶಗಳ ದೂತಾವಾಸಗಳಲ್ಲಿ ಪಾಸ್‌ಪೋರ್ಟು ಕೊಟ್ಟಿದ್ದ ಎಷ್ಟೋ ಮಂದಿ ಸೂಡಾನೀಯರು, ಆ ದೂತಾವಾಸಗಳವರು ಬೀಗ ಹಾಕಿ ಹೊರಟುಹೋದ ಮೇಲೆ, ಇದ್ದಲ್ಲೇ ಉಳಿದರು.

ಚಿಕ್ಕಪ್ಪನ ಅನುಭವವನ್ನೂ ಇವೆಲ್ಲವನ್ನೂ ಕೂಡಿಸಿ ನಾನು ಅಕ್ಕನಿಗೆ ಒಂದು ಉದ್ದದ ಪತ್ರ ಬರೆದೆ. ಮೂಲ ಪಾಸ್‌ಪೋರ್ಟುಗಳು ಮನೆಯಲ್ಲೇ ಇರಲಿ, ಭಾವ ಧಣಿಗಳೊಡನೆ ಜಗಳವಾಡಿಯಾದರೂ ಸರಿ ತರಿಸಿಕೊಳ್ಳಲಿ. ಮಕ್ಕಳ ಜನನಪತ್ರ, ಮದುವೆಯ ಪ್ರಮಾಣಪತ್ರ, ಚುಚ್ಚುಮದ್ದಿನ ಪಟ್ಟಿ, ಉದ್ಯೋಗದ ಕರಾರು, ಈಚಿನ ಮೂರು ತಿಂಗಳ ಸಂಬಳದ ಚೀಟಿ ಇವುಗಳ ಪ್ರತಿಗಳು ನೀರು ತಾಗದ ಹಾಳೆಯಲ್ಲಿ. ಇನ್ನೊಂದು ಕಟ್ಟು ನನ್ನ ಬಳಿ. ಹಣ ಸ್ವಲ್ಪ ಅಲ್ಲಿನದು, ಸ್ವಲ್ಪ ಡಾಲರು, ಅದೂ ಚಿಲ್ಲರೆ ನೋಟುಗಳಲ್ಲಿ. ನೂರರ ನೋಟು ಕೊಟ್ಟವನಿಗೆ ಬಸ್ಸಿನವನು ಚಿಲ್ಲರೆ ಕೊಡುವುದಿಲ್ಲ. ಭಾವನ ರಕ್ತದೊತ್ತಡದ ಮಾತ್ರೆ ಒಂದು ತಿಂಗಳಿಗಾಗುವಷ್ಟು. ಅದರ ಮೇಲಿನ ವ್ಯಾಪಾರದ ಹೆಸರು ದೇಶದಿಂದ ದೇಶಕ್ಕೆ ಬದಲಾಗುವುದರಿಂದ ಒಳಗಿನ ಔಷಧದ ಹೆಸರನ್ನು ವೈದ್ಯರಿಂದ ಬರೆಸಿಕೊಳ್ಳಬೇಕು. ಮೊಬೈಲು ಸತ್ತರೆ ಗಂಡನ ನಂಬರು ಬಾಯಿಗೆ ಬಾರದ ಕಾಲ ಇದು; ಆದ್ದರಿಂದ ಹತ್ತು ನಂಬರುಗಳನ್ನು ಕಾಗದದ ಮೇಲೆ ಶಾಯಿಯಲ್ಲಿ ಬರೆದಿಡುವುದು. ಕಾರಿನಲ್ಲಿ ಪೆಟ್ರೋಲು ಅರ್ಧಕ್ಕಿಂತ ಇಳಿಯಬಾರದು. ರಾಯಭಾರ ಕಚೇರಿಯಲ್ಲಿ ನಾಲ್ವರ ಹೆಸರನ್ನೂ ನೋಂದಾಯಿಸಬೇಕು. ಈ ಕೆಲಸಕ್ಕೆ ಒಂದು ಕಾಸಿನ ಖರ್ಚಿಲ್ಲ. ಬಹುಶಃ ಅದಕ್ಕೇ ಯಾರೂ ಮಾಡುವುದಿಲ್ಲ. ಪಟ್ಟಿಯಲ್ಲಿಲ್ಲದವರನ್ನು ಹುಡುಕಿಕೊಂಡು ಬಸ್ಸು ಬರುವುದು ಹೇಗೆ?

ತಿನ್ನುವುದಕ್ಕೆ ಅವಲಕ್ಕಿ ಎಂದು ಬರೆದಿದ್ದೆ. ಬೇಯಿಸಬೇಕಾಗಿಲ್ಲ, ಕೆಡುವುದಿಲ್ಲ, ಹಿಡಿ ನೀರು ಸಾಕು. ನಮ್ಮ ಹಿರಿಯರು ದೂರದ ಪ್ರಯಾಣಕ್ಕೆ ಅದನ್ನು ಗಂಟಿನಲ್ಲಿ ಕಟ್ಟಿಕೊಂಡದ್ದು ಸುಮ್ಮನೆ ಅಲ್ಲ.

ಗಂಡ ಕಚೇರಿಯಲ್ಲಿ, ಮಕ್ಕಳು ಶಾಲೆಯಲ್ಲಿ, ಹೆಂಡತಿ ಮನೆಯಲ್ಲಿ ಇರುವಾಗ ಆಪತ್ತು ಬಂದರೆ ಯಾರು ಯಾರನ್ನು ಕರೆತರಬೇಕು, ಎಲ್ಲಿ ಸೇರಬೇಕು ಎಂಬುದನ್ನು ಮೊದಲೇ ಮಾತನಾಡಿಕೊಳ್ಳಿರೆಂದೂ ಬರೆದೆ. ಎಲ್ಲಕ್ಕಿಂತ ಮುಖ್ಯವೆಂದು ನಾನು ತಿಳಿದದ್ದು ಇದನ್ನೇ. ಅಕ್ಕನಿಗೆ ಸಿಟ್ಟು ಬಂದದ್ದೂ ಇದಕ್ಕೇ. "ನೀನು ಊರಲ್ಲಿ ಕುಳಿತು ನಮಗೆ ಯುದ್ಧ ಬಯಸುತ್ತೀಯೇನೋ?" ಎಂದು ಉತ್ತರ ಬಂತು. ಚೀಲ ಮಗನ ಕರಾಟೆ ತರಗತಿಗೆ ಹೋಗುತ್ತಿತ್ತಂತೆ.

ಒಂದು ವರ್ಷ ಹಾಗೆಯೇ ಕಳೆಯಿತು. 2024ರ ಜೂನ್ 12ರಂದು ಕುವೈತಿನ ಮಂಗಾಫ್ ಎಂಬಲ್ಲಿ ಕಾರ್ಮಿಕರು ವಾಸವಾಗಿದ್ದ ಬಹುಮಹಡಿಯ ಕಟ್ಟಡಕ್ಕೆ ನಸುಕಿನಲ್ಲಿ ಬೆಂಕಿ ಬಿದ್ದು ನಲವತ್ತಕ್ಕೂ ಹೆಚ್ಚು ಭಾರತೀಯರು ಮಡಿದರು. ಹೆಚ್ಚಿನವರನ್ನು ಕೊಂದದ್ದು ಹೊಗೆ. ಅದು ಯುದ್ಧವಲ್ಲ, ಆಕ್ರಮಣವಲ್ಲ. ಮಲಗಿದ್ದವರಿಗೆ ಕೆಳಗಿಳಿಯುವ ದಾರಿ ಸಿಕ್ಕಲಿಲ್ಲ, ಅಷ್ಟೆ. ಆ ಸಂಜೆ ಅಕ್ಕ ಮೊದಲ ಬಾರಿಗೆ ತಮ್ಮ ಕಟ್ಟಡದ ಮೆಟ್ಟಿಲುಗಳನ್ನು ಇಳಿದು ನೋಡಿದಳು. ಮೂರನೆಯ ಅಂತಸ್ತಿನಲ್ಲಿ ಯಾರೋ ಹಳೆಯ ಸೋಫಾ ಅಡ್ಡ ಇಟ್ಟಿದ್ದರು. ಕೆಳಗಿನ ಬಾಗಿಲಿಗೆ ಬೀಗ. ಎರಡು ದಿನ ಕಾವಲುಗಾರನ ಬೆನ್ನು ಹತ್ತಿ ಎರಡನ್ನೂ ತೆಗೆಸಿದಳು. ಕರಾಟೆಯ ಚೀಲ ಒಗೆದು ಒಣಗಿ ಬಾಗಿಲ ಹಿಂದಿನ ಮೊಳೆಗೆ ಏರಿತು. ನನಗೆ ಮಾತ್ರ ಆ ಸುದ್ದಿ ಹೇಳಲಿಲ್ಲ; ಸೋದರಸೊಸೆ ಗುಟ್ಟಾಗಿ ಹೇಳಿದಳು.

2025ರ ಜೂನ್ 23ರ ರಾತ್ರಿ. ಇರಾನು ಕತಾರಿನಲ್ಲಿದ್ದ ಅಮೆರಿಕದ ವಾಯುನೆಲೆಯತ್ತ ಕ್ಷಿಪಣಿಗಳನ್ನು ಹಾರಿಸಿತು. ಕತಾರ್, ಬಹರೇನ್, ಕುವೈತ್ ಮೊದಲಾದ ನಾಡುಗಳು ತಮ್ಮ ಆಕಾಶಮಾರ್ಗವನ್ನು ಮುಚ್ಚಿದವು. ನಮ್ಮಲ್ಲಿ ಆಗ ರಾತ್ರಿ ಬಹಳವಾಗಿತ್ತು. ತಾಯಿ ದೇವರ ಮುಂದೆ ದೀಪ ಹಚ್ಚಿ ಕುಳಿತರು. ಚಿಕ್ಕಪ್ಪ ನಮ್ಮ ಮನೆಗೆ ಬಂದರು. ಎಪ್ಪತ್ತರ ಮುದುಕ, ಪಂಚೆಯಲ್ಲಿಯೇ, ಕಾಲಲ್ಲಿ ಒಂದು ಬೇರೆ ಒಂದು ಬೇರೆ ಚಪ್ಪಲಿ. ಫೋನು ಸಿಕ್ಕಿದಾಗ ಅದನ್ನು ಎತ್ತಿದವಳು ಹತ್ತು ವರ್ಷದ ಸೋದರಸೊಸೆ.

"ಅಜ್ಜ, ಅಮ್ಮ ಬಾತ್‌ಟಬ್ಬಿನಲ್ಲಿ ನೀರು ತುಂಬಿಸುತ್ತಿದ್ದಾಳೆ. ಅಪ್ಪ ಪೆಟ್ರೋಲ್ ಹಾಕಿಸಲಿಕ್ಕೆ ಹೋಗಿದ್ದಾರೆ. ನಾನು ಬೂಟು ಹಾಕಿಕೊಂಡಿದ್ದೇನೆ."

"ಚೀಲ?"

"ಬಾಗಿಲ ಹತ್ತಿರ. ತಮ್ಮ ಅದರ ಮೇಲೆ ತಲೆಯಿಟ್ಟು ಮಲಗಿಬಿಟ್ಟಿದ್ದಾನೆ."

ಚಿಕ್ಕಪ್ಪ ಫೋನನ್ನು ನನ್ನ ಕೈಗೆ ಕೊಟ್ಟು ಹೊರಗಿನ ಜಗಲಿಗೆ ಹೋದರು. ಬಹಳ ಹೊತ್ತು ಒಳಗೆ ಬರಲಿಲ್ಲ.

ಕೆಲವು ಗಂಟೆಗಳಲ್ಲಿ ಆಕಾಶಮಾರ್ಗ ಮತ್ತೆ ತೆರೆಯಿತು. ಬೆಳಗ್ಗೆ ಅಕ್ಕನೇ ಕರೆ ಮಾಡಿದಳು. ಸ್ವರದಲ್ಲಿ ನಿದ್ರೆಗೆಟ್ಟ ಆಯಾಸವಿತ್ತು, ಸಿಟ್ಟಿರಲಿಲ್ಲ. ಮಕ್ಕಳಿಬ್ಬರೂ ಎದ್ದವರೇ ಚೀಲ ಬಿಚ್ಚಿ ಬಿಸ್ಕತ್ತು, ಖರ್ಜೂರ ಎಲ್ಲ ತಿಂದು ಮುಗಿಸಿದ್ದಾರೆ, ಅವಲಕ್ಕಿಯನ್ನು ಮಾತ್ರ ಮುಟ್ಟಿಲ್ಲ ಎಂದು ದೂರಿದಳು. ಆಮೇಲೆ, ಊರಿನಿಂದ ಯಾರಾದರೂ ಬರುವವರಿದ್ದರೆ ಇನ್ನೊಂದು ಅಂಥದೇ ಚೀಲ ಕಳುಹಿಸಲು ಸಾಧ್ಯವೇ ಎಂದು ಕೇಳಿದಳು. ಕೆಳಗಿನ ಅಂತಸ್ತಿನಲ್ಲಿ ಹೊಸದಾಗಿ ಕುಂದಾಪುರದ ಕಡೆಯವರು ಬಂದಿದ್ದಾರಂತೆ. ಆ ಹುಡುಗಿ ಬಸುರಿ.